ಪಿಯೆರ್ ಅಮಾಂ ಲಾಂಡ್ರಿ: ಅಕೇಡಿಯರ ಮೊದಲ ವಕೀಲ

ಕೆನಡಾ ಎಂದರೆ ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ ಗೋಧಿ, ಮರ, ಕಾಗದ ಇಷ್ಟೇ ನೆನಪಾಗೋದು. ಅದರ ಪೂರ್ವ ಕರಾವಳಿಯಲ್ಲಿ ಅಕೇಡಿಯರು ಎಂಬ ಫ್ರೆಂಚ್ ಮಾತಿನ ಜನರಿದ್ದಾರೆ. ಅವರಿಗೆ ತಮ್ಮದೇ ಎನ್ನುವ ಪ್ರಾಂತವಿಲ್ಲ. ಅವರ ಮುಂದಾಳು ಒಬ್ಬನ ಬಗ್ಗೆ ಈ ಲೇಖನ.

ಹಿನ್ನೆಲೆ

17ನೇ ಶತಮಾನದಲ್ಲಿ ಫ್ರಾನ್ಸಿನಿಂದ ಬಂದ ಇವರು ಸಮುದ್ರದ ಜೌಗು ನೆಲಕ್ಕೆ ಒಡ್ಡು ಕಟ್ಟಿ ಬೇಸಾಯ ಮಾಡಿದರು. 1713ರಲ್ಲಿ ಆ ಸೀಮೆ ಬ್ರಿಟಿಷರ ಪಾಲಾಯಿತು. ಬ್ರಿಟಿಷರು ಕೇಳಿದಂತೆ ರಾಜನಿಷ್ಠೆಯ ಪ್ರಮಾಣ ಮಾಡಲಿಲ್ಲವೆಂದು 1755ರಿಂದ ಇವರನ್ನು ಹಡಗುಗಳಲ್ಲಿ ತುಂಬಿ ಹೊರಗಟ್ಟಿದರು. ಮನೆಗಳಿಗೆ ಬೆಂಕಿಯಿಟ್ಟರು. ಎಷ್ಟೋ ಸಂಸಾರಗಳು ಚೆಲ್ಲಾಪಿಲ್ಲಿಯಾದವು. 1764ರ ನಂತರ ಮರಳಿ ಬಂದರೆ, ಹಳೆಯ ಹೊಲಗಳಲ್ಲಿ ಬೇರೆಯವರು ಕೂತಿದ್ದರು! ಕ್ಯಾಥೊಲಿಕರಾದ ಇವರಿಗೆ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಶಾಸನಸಭೆಯಲ್ಲಿ ಕೂರುವ ಹಕ್ಕು ಸಿಕ್ಕಿದ್ದು 1830ರಲ್ಲಿ.

ಶಾಸನಸಭೆಯಲ್ಲಿ

ಲಾಂಡ್ರಿ ಹುಟ್ಟಿದ್ದು 1846ರಲ್ಲಿ, ಮೆಮ್ರಾಮ್ಕುಕ್ ಎಂಬ ಹಳ್ಳಿಯಲ್ಲಿ. ಅದೇ ವರ್ಷ ಅವನ ತಂದೆ ಅಮಾಂ ಲಾಂಡ್ರಿ ಆ ಸಭೆಗೆ ಆಯ್ಕೆಯಾದ ಮೊದಲ ಅಕೇಡಿಯನಾದನು. 1864ರಲ್ಲಿ ಪಾದ್ರಿ ಕಮೀಲ್ ಲಫೇವ್ರ್ ಆ ಊರಲ್ಲೇ ಸೇಂಟ್ ಜೋಸೆಫ್ ಕಾಲೇಜು ತೆರೆದರು. ಲಾಂಡ್ರಿ ಅಲ್ಲಿ ಓದಿ, ಮುಂದೆ ಕಾನೂನು ಕಲಿತು, ತನ್ನ ಜನರಲ್ಲಿ ಮೊದಲ ವಕೀಲನಾದ. 1870ರಲ್ಲಿ, 24ನೇ ವಯಸ್ಸಿಗೇ, ಶಾಸಕನಾದ.

1871ರಲ್ಲಿ ಸರಕಾರ ಶಾಲಾ ಕಾನೂನು ತಂದಿತು. ಶಾಲಾ ತೆರಿಗೆ ಎಲ್ಲರೂ ಕೊಡಬೇಕು, ಆದರೆ ಆ ಹಣದಲ್ಲಿ ಮತಧರ್ಮದ ಶಾಲೆಗಳಿಗೆ ಕಾಸೂ ಇಲ್ಲ. ಲೆಕ್ಕ ಹಾಕಿ ನೋಡಿ: ತೆರಿಗೆಯೂ ಕಟ್ಟಬೇಕು, ಸ್ವಂತ ಶಾಲೆಯ ಖರ್ಚೂ ಹೊರಬೇಕು. ಲಾಂಡ್ರಿ ವಿರೋಧಿಸಿದ, 1874ರ ಚುನಾವಣೆಯಲ್ಲಿ ಸೋತ. 1875ರಲ್ಲಿ ಕಾರಾಕೆಟ್ ಎಂಬಲ್ಲಿ ಇದೇ ಕಾರಣಕ್ಕೆ ಗಲಭೆಯಾಗಿ ಇಬ್ಬರು ಸತ್ತರು. ಆಮೇಲೆಯೇ ಸರಕಾರ ರಾಜಿಗೆ ಬಂದದ್ದು.

1878ರಲ್ಲಿ ಲಾಂಡ್ರಿ ಮತ್ತೆ ಗೆದ್ದು ಲೋಕೋಪಯೋಗಿ ಖಾತೆಯ ಮಂತ್ರಿಯಾದ. 1883ರಿಂದ 1890ರವರೆಗೆ ಒಟ್ಟಾವಾದ ಪಾರ್ಲಿಮೆಂಟಿನಲ್ಲಿದ್ದ.

ಎರಡು ಸಮ್ಮೇಳನ

1881ರಲ್ಲಿ ಮೆಮ್ರಾಮ್ಕುಕ್‌ನಲ್ಲಿ ಅಕೇಡಿಯರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು, ಲಾಂಡ್ರಿಯೇ ಅಧ್ಯಕ್ಷ. ಹಬ್ಬ ಯಾವ ದಿನ ಎಂಬುದೇ ದೊಡ್ಡ ಚರ್ಚೆ. ಕ್ವಿಬೆಕ್‌ನ ಫ್ರೆಂಚರಂತೆ ಜೂನ್ 24 ಆಗಲಿ ಎಂದು ಕೆಲವರು. ಬೇಡ, ನಮ್ಮದೇ ದಿನವಿರಲಿ ಎಂದು ಮೇರಿಮಾತೆಯ ಆಗಸ್ಟ್ 15ನ್ನು ಆರಿಸಿದರು. ಒಂದೇ ಭಾಷೆಯಾದರೂ ತಾವು ಬೇರೆ ಜನ ಎಂದು ಹೇಳಿಕೊಂಡ ಹಾಗಾಯಿತು. 1884ರ ಮಿಸ್ಕೂಶ್ ಸಮ್ಮೇಳನದಲ್ಲಿ ಬಾವುಟ, ಗೀತೆ ಎರಡೂ ನಿಶ್ಚಯವಾದವು.

ನ್ಯಾಯಪೀಠ

1890ರಲ್ಲಿ ಲಾಂಡ್ರಿ ಕೌಂಟಿ ಕೋರ್ಟಿನ ನ್ಯಾಯಾಧೀಶ, 1893ರಲ್ಲಿ ಪ್ರಾಂತದ ಸುಪ್ರೀಂ ಕೋರ್ಟಿಗೆ, 1913ರಲ್ಲಿ ಅದರ ಕಿಂಗ್ಸ್ ಬೆಂಚಿಗೆ ಮುಖ್ಯ ನ್ಯಾಯಾಧೀಶ. 1916ರಲ್ಲಿ 'ಸರ್' ಪದವಿ ಬಂತು, ಅದೇ ವರ್ಷ ತೀರಿಕೊಂಡ.

ವಿಚಾರ

ಒಬ್ಬನು ಮೇಲೇರಿದರೆ ಜನಾಂಗ ಮೇಲೇರಿದಂತೆಯೇ? ಪೂರ್ತಿ ಹೌದೆನ್ನಲಾಗದು. ಆ ಪ್ರಾಂತದಲ್ಲಿ ಫ್ರೆಂಚ್ ಆಡಳಿತ ಭಾಷೆಯಾದದ್ದು 1969ರಲ್ಲಿ, ಲಾಂಡ್ರಿ ಸತ್ತು 53 ವರ್ಷಗಳ ಮೇಲೆ. ಆದರೆ ಅವನು ಓದಿದ ಕಾಲೇಜಿನ ಬೇರಿನಿಂದಲೇ 1963ರಲ್ಲಿ ಮಾಂಕ್ಟನ್ ವಿಶ್ವವಿದ್ಯಾಲಯ ಚಿಗುರಿತು. ಆಗಸ್ಟ್ 15ರ ಹಬ್ಬ ಇಂದಿಗೂ ನಡೆಯುತ್ತಿದೆ. ಪದವಿ ಅವನ ಜೊತೆಗೇ ಹೋಯಿತು, ಕಾಲೇಜು ಮತ್ತು ಹಬ್ಬ ಉಳಿದವು.

ಹೊರನಾಡ ಕನ್ನಡಿಗರಾದ ನಮ್ಮನ್ನು ಯಾರೂ ಓಡಿಸಿಲ್ಲ, ಹೋಲಿಕೆ ಅತಿಯಾಗಬಾರದು. ಆದರೂ ಕನ್ನಡ ಶಾಲೆಯಿಂದ ಇಂಗ್ಲಿಷ್ ಕಾಲೇಜಿಗೆ ಬಂದ ನನ್ನಂಥವರಿಗೆ ಒಂದು ಮಾತು ಹೊಳೆಯುತ್ತದೆ. ನಮ್ಮಲ್ಲಿ ಯಾರು ಯಾವ ಕುರ್ಚಿಗೆ ಏರಿದರು ಎಂದು ಹೆಮ್ಮೆಪಡುವಾಗ, ನಾವು ಓದಿದ ಶಾಲೆಯ ಬಾಗಿಲು ತೆರೆದಿದೆಯೇ ಅಂತಲೂ ಕೇಳಿಕೊಳ್ಳಬೇಕು.