ಶಾಲೆ ಬಿಡದೆಯೂ ಸ್ವಂತ ಓದು

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಗಣಿತದ ಪಠ್ಯವನ್ನು ದಸರಾಕ್ಕೆ ಮುಂಚೆಯೇ ಮುಗಿಸಿದ್ದಾಳೆ. ಶಾಲೆ ಬಿಟ್ಟು ತಾನೇ ಓದಿಕೊಳ್ಳುತ್ತೇನೆ ಎನ್ನುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಶಾಲೆ ಬಿಡಿಸುವ ಮಾತು ಸದ್ಯಕ್ಕೆ ಬೇಡಮ್ಮ. ಅವಳ ಹಸಿವು ಗಣಿತದ್ದು. ಅದಕ್ಕೆ ದಿನಕ್ಕೊಂದು ಗಂಟೆ ಬಿಡುವು ಮಾಡಿಕೊಡಿ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಗಣಿತ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಮೊದಲ ಹಂತವಾದ ಐಒಕ್ಯೂಎಂ ಪತ್ರಿಕೆಗಳಿಂದ ಶುರು ಮಾಡಲಿ. ಒಂದೇ ಲೆಕ್ಕದ ಮುಂದೆ ಎರಡು ದಿನ ಕೂತರೂ ಉತ್ತರ ತೋರಿಸಲು ಹೋಗಬೇಡಿ. ನಿಜವಾದ ಕಲಿಕೆ ನಡೆಯುವುದೇ ಆಗ. ಬಿಡಿಸಿದ ರೀತಿಯನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು, ವಾರಕ್ಕೊಮ್ಮೆ ಗಣಿತ ಮೇಷ್ಟ್ರಿಗೋ ಹತ್ತಿರದ ಕಾಲೇಜಿನ ಉಪನ್ಯಾಸಕರಿಗೋ ತೋರಿಸಲಿ. ತಪ್ಪು ಹೇಳುವವರಿಲ್ಲದಿರುವುದೇ ಒಬ್ಬಂಟಿ ಓದಿನ ದೊಡ್ಡ ತೊಡಕು.

ಶಾಲೆ ಬಿಡಲೇಬೇಕೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಅದಕ್ಕೂ ಮೊದಲು, ಮುಂದೆ ಸೇರಲಿರುವ ಪಿಯು ಕಾಲೇಜಿನಲ್ಲಿ ಪ್ರವೇಶದ ನಿಯಮ ವಿಚಾರಿಸಿ.

ಈ ಹಟದ ಜೊತೆಗೆ ನಿದ್ದೆಗೇಡು, ಊಟ ಸೇರದಿರುವುದು, ಸಹಪಾಠಿಗಳ ಭಯ ಕಂಡರೆ ಮಾತ್ರ ತಡಮಾಡದೆ ಆಪ್ತ ಸಮಾಲೋಚಕರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು.