ಒಂದು ಸೆಕೆಂಡಿನ ಪತನ: ಒಟ್ಟು ಅವಧಿ ಬದಲಿಸದೆ ಕೀಫ್ರೇಮ್ ತಿದ್ದಿದ ಅನುಭವ

ಸಂದರ್ಭ

ಒಂಬತ್ತನೇ ತರಗತಿಯ ‘ಮುಕ್ತ ಪತನ’ ಪಾಠಕ್ಕಾಗಿ ಒಂದು ಸೆಕೆಂಡಿನ ಅನಿಮೇಷನ್ ತಯಾರಿಸಿದ್ದೆ. 4.9 ಮೀಟರ್ ಎತ್ತರದಿಂದ ಚೆಂಡು ಬೀಳುವ ದೃಶ್ಯ. ಸೆಕೆಂಡಿಗೆ 25 ಫ್ರೇಮ್. ಕೀಫ್ರೇಮ್ ಇಟ್ಟದ್ದು ಎರಡೇ: 0ನೇ ಫ್ರೇಮ್‌ನಲ್ಲಿ ಚೆಂಡು ಮೇಲೆ, 25ನೇ ಫ್ರೇಮ್‌ನಲ್ಲಿ ನೆಲದಲ್ಲಿ. ತರಗತಿಯಲ್ಲಿ ನಿಧಾನವಾಗಿ ಓಡಿಸಿ ತೋರಿಸಿದಾಗ ಒಬ್ಬ ಹುಡುಗಿ ಕೇಳಿದಳು: “ಮಿಸ್, ಬೀಳ್ತಾ ಬೀಳ್ತಾ ಜೋರಾಗುತ್ತೆ ಅಂದ್ರಿ. ಇಲ್ಲಿ ಒಂದೇ ಸಮ ಇಳೀತಿದೆಯಲ್ಲ?”

ಅವಳ ಮಾತು ಸರಿಯಾಗಿತ್ತು. ಎರಡು ಕೀಫ್ರೇಮ್‌ಗಳ ನಡುವಿನ ಫ್ರೇಮ್‌ಗಳನ್ನು ತಂತ್ರಾಂಶವೇ ತುಂಬುತ್ತದೆ. ನಾನು ರೇಖೀಯ ಆಯ್ಕೆ ಇಟ್ಟಿದ್ದರಿಂದ ಅದು ಸಮಾನ ಹೆಜ್ಜೆಗಳಲ್ಲಿ ತುಂಬಿತ್ತು. ವೇಗೋತ್ಕರ್ಷದ ಪಾಠದಲ್ಲಿ ನಾನು ಏಕರೂಪ ಚಲನೆಯನ್ನು ತೋರಿಸಿದ್ದೆ.

ಮೊದಲ ತಿದ್ದುಪಡಿಯ ತಪ್ಪು

ಜೋರಾಗಿ ಬೀಳಲಿ ಎಂದು ಕೊನೆಯ ಕೀಫ್ರೇಮ್ ಅನ್ನು 18ಕ್ಕೆ ಎಳೆದೆ. ಚೆಂಡು ಬೇಗ ನೆಲ ಮುಟ್ಟಿತು, ಆದರೆ ಚಲನೆ ಮೊದಲಿನಂತೆಯೇ ಏಕರೂಪವಾಗಿತ್ತು. ಬಿದ್ದ ಸದ್ದು 25ನೇ ಫ್ರೇಮ್‌ನಲ್ಲೇ ಉಳಿದು ದೃಶ್ಯಕ್ಕೆ ಹೊಂದಲಿಲ್ಲ. ಅದಕ್ಕಿಂತ ಮುಖ್ಯವಾಗಿ, 4.9 ಮೀಟರ್ ಬೀಳಲು ಒಂದು ಸೆಕೆಂಡ್ ಬೇಕೆಂಬ ಲೆಕ್ಕವೇ ಸುಳ್ಳಾಯಿತು. ಒಟ್ಟು ಅವಧಿಯನ್ನು ನಿರ್ಧರಿಸಿರುವುದು ಗುರುತ್ವ. ಅದನ್ನು ಬದಲಿಸುವ ಹಕ್ಕು ನನಗಿರಲಿಲ್ಲ.

ಸರಿಯಾದ ತಿದ್ದುಪಡಿ

ಮೊದಲ ಮತ್ತು ಕೊನೆಯ ಕೀಫ್ರೇಮ್‌ಗಳನ್ನು ಮುಟ್ಟದೆ, ನಡುವೆ ನಾಲ್ಕನ್ನು ಸೇರಿಸಿದೆ. ನಿಶ್ಚಲ ಸ್ಥಿತಿಯಿಂದ ಬೀಳುವ ವಸ್ತು ಕ್ರಮಿಸುವ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಟ್ಟು ದೂರ 100 ಎಂದಿಟ್ಟುಕೊಂಡರೆ:

ಫ್ರೇಮ್ 0 – ಸ್ಥಾನ 0
ಫ್ರೇಮ್ 5 – ಸ್ಥಾನ 4
ಫ್ರೇಮ್ 10 – ಸ್ಥಾನ 16
ಫ್ರೇಮ್ 15 – ಸ್ಥಾನ 36
ಫ್ರೇಮ್ 20 – ಸ್ಥಾನ 64
ಫ್ರೇಮ್ 25 – ಸ್ಥಾನ 100

ಅವಧಿ ಅಷ್ಟೇ, ದೂರವೂ ಅಷ್ಟೇ. ಬದಲಾದದ್ದು ಒಳಗಿನ ಹಂಚಿಕೆ ಮಾತ್ರ. ಎರಡು ಕೀಫ್ರೇಮ್‌ಗಳ ನಡುವೆ ಚಲನೆ ಈಗಲೂ ಏಕರೂಪವೇ. ಹೆಚ್ಚು ಕೀಫ್ರೇಮ್ ಸೇರಿಸಿದಷ್ಟೂ ಅದು ನಿಜವಾದ ಪತನಕ್ಕೆ ಹತ್ತಿರವಾಗುತ್ತದೆ.

ತರಗತಿಯಲ್ಲಿ

ಮರುದಿನ ಚೆಂಡಿನ ಹಾದಿ ಗೋಡೆಯ ಮೇಲೆ ಸರಿಯಾಗಿ 100 ಸೆಂ.ಮೀ. ಬರುವಂತೆ ಪ್ರೊಜೆಕ್ಟರ್ ಹೊಂದಿಸಿ, ಅಲ್ಲಿ ಚಾರ್ಟ್ ಹಾಳೆ ಅಂಟಿಸಿದೆ. ಪ್ರತಿ ಐದು ಫ್ರೇಮ್‌ಗೆ ನಿಲ್ಲಿಸಿದಾಗ ಮಕ್ಕಳೇ ಗುರುತು ಹಾಕಿ ಅಳೆದರು. ಅಂತರಗಳು 4, 12, 20, 28, 36 ಸೆಂ.ಮೀ. ಎಲ್ಲವನ್ನೂ 4ರಿಂದ ಭಾಗಿಸಿದಾಗ 1, 3, 5, 7, 9. “ಬೆಸ ಸಂಖ್ಯೆ!” ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಕ್ರಮವಿದೆ ಎಂದು ಆಗ ತಿಳಿಸಿದೆ.

ಅಷ್ಟರಲ್ಲಿ ಒಬ್ಬ ಹುಡುಗ, “ಈ ಅಂಕಿ ನೀವೇ ಹಾಕಿದ್ದಲ್ವಾ ಮಿಸ್? ನಿಜವಾದ ಚೆಂಡೂ ಹೀಗೇ ಬೀಳುತ್ತಾ?” ಎಂದ.

ಚಿಂತನೆ

ಈ ಪ್ರಶ್ನೆ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ, ಇರಬೇಕಿತ್ತು. ಅನಿಮೇಷನ್ ನಿಯಮವನ್ನು ವಿವರಿಸುತ್ತದೆ, ಸಾಬೀತು ಮಾಡುವುದಿಲ್ಲ. ಮುಂದಿನ ಅವಧಿಗೆ ನಿಜವಾದ ಚೆಂಡೊಂದು ಬೀಳುವುದನ್ನು ಮೊಬೈಲಿನಲ್ಲಿ ಚಿತ್ರಿಸಿ, ಮಕ್ಕಳಿಂದಲೇ ಫ್ರೇಮ್ ಫ್ರೇಮ್ ಅಳೆಸುವ ಯೋಜನೆ ಹಾಕಿದ್ದೇನೆ. ಅನಿಮೇಷನ್ ಬಳಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ: ತರಗತಿಗೆ ಒಯ್ಯುವ ಮೊದಲು ಅದನ್ನು ಒಮ್ಮೆ ನಿಲ್ಲಿಸಿ ನಿಲ್ಲಿಸಿ ಅಳೆದು ನೋಡಿ. ನಾವು ಅಳೆಯದಿದ್ದರೆ ಮಕ್ಕಳು ಅಳೆಯುತ್ತಾರೆ.