ಬೆನ್ನು ತಟ್ಟಿದರಷ್ಟೇ ಸಾಲದು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಚ್‌ಐವಿ ತಡೆ ಸಂಶೋಧನೆಗೆ ಕಪ್ಪು, ಲ್ಯಾಟಿನೊ ಯುವ ವಿಜ್ಞಾನಿಗಳನ್ನು ಸೇರಿಸಿಕೊಂಡಿರುವ ಹಿರಿಯರೇ, ಬರೀ ಹೊಗಳಿ ಕೈತೊಳೆದುಕೊಳ್ಳಬೇಡಿ. ವಿದ್ಯೆ, ಪ್ರಕಟಣೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಕಪ್ಪು ಸಂಶೋಧಕರಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಅನುದಾನ ಸಿಗುವ ಸಾಧ್ಯತೆ ಬಿಳಿಯರಿಗಿಂತ ಸುಮಾರು 10 ಶೇಕಡಾಂಶ ಕಡಿಮೆ ಎಂದು 2011ರಲ್ಲೇ ‘ಸೈನ್ಸ್’ ಪತ್ರಿಕೆಯ ಅಧ್ಯಯನ ತೋರಿಸಿತ್ತು. ಹಾಗಾಗಿ ಅವರ ಅನುದಾನದ ಅರ್ಜಿಯ ಕರಡನ್ನು ಗಡುವಿನ ಹಿಂದಿನ ರಾತ್ರಿಯಲ್ಲ, ಕೆಲವು ತಿಂಗಳ ಮೊದಲೇ ಓದಿ. ಕೆಂಪು ಶಾಯಿಗೆ ಜಿಪುಣತನ ಬೇಡ.

‘ನಿನ್ನ ಸಮುದಾಯದ ವಿಷಯ ಬಿಡು, ಪ್ರಯೋಗಾಲಯ ಹಿಡಿ’ ಎನ್ನುವವರಿದ್ದಾರೆ. ಕೆಟ್ಟ ಸಲಹೆ. ಜನಸಂಖ್ಯೆಗೆ ಹೋಲಿಸಿದರೆ ಅಮೆರಿಕದಲ್ಲಿ ಹೊಸ ಎಚ್‌ಐವಿ ಸೋಂಕು ಹೆಚ್ಚಿರುವುದೇ ಆ ಸಮುದಾಯಗಳಲ್ಲಿ. ಸೋಂಕು ತಗಲದಂತೆ ಮೊದಲೇ ನುಂಗುವ ಪ್ರೆಪ್ ಮಾತ್ರೆ ಅಲ್ಲಿನ ಮನೆಬಾಗಿಲಿಗೆ ಯಾಕೆ ತಲುಪುತ್ತಿಲ್ಲವೆಂದು ಕೇಳಬಲ್ಲವರು ಈ ಯುವ ವಿಜ್ಞಾನಿಗಳೇ. ಸಂಶೋಧನೆಯ ಸಮಯ ತಿನ್ನುವ ವೈವಿಧ್ಯದ ಸಮಿತಿಗಳಿಗೆಲ್ಲ ಇವರನ್ನೇ ತಳ್ಳಬೇಡಿ. ಲೇಖನದಲ್ಲಿ ಯಾರ ಹೆಸರು ಮೊದಲೆಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ಬರೆದಿಡಿ.